ಪಂಕ್ಚರ್ ಮರಿಗೆಯ ಹೆಪ್ಪು

ತೀರ್ಥಹಳ್ಳಿಯ ಶಾಂತಮ್ಮನ ಕೈಗೆ ಒಂದು ಕಾಯಿಲೆಯಿತ್ತು. ಏನು ಕಂಡರೂ ತೊಳೆಯಬೇಕು. ಪಾತ್ರೆ, ಪಾತ್ರೆ ತೊಳೆದ ಕಲ್ಲು, ಕಿಟಕಿಯ ಸರಳು, ಕೊನೆಗೆ ಬೂದಿ ತುಂಬಿಡುವ ಡಬ್ಬಿ. ಬೂದಿಯ ಡಬ್ಬಿಯನ್ನು ಅದೇ ಬೂದಿಯಿಂದ ತಿಕ್ಕಿ ಬೆಳಗಿಡುವ ಹೆಂಗಸು ಆ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ. ಗಂಡ ಬದುಕಿದ್ದಾಗ ಅಂಗಳದಲ್ಲಿ ಬೀಡಿ ಸೇದಿ, ಬೂದಿಯನ್ನು ಕಿಸೆಗೆ ಹಾಕಿಕೊಂಡು ಒಳಗೆ ಬರುತ್ತಿದ್ದ ಎಂದು ಪಕ್ಕದ ಮನೆಯ ಕೆರಿಯಮ್ಮ ಹೇಳುತ್ತಿದ್ದಳು. ಕೆರಿಯಮ್ಮನ ಮಾತಿನಲ್ಲಿ ಅರ್ಧ ಸುಳ್ಳು, ಯಾವ ಅರ್ಧ ಎಂಬುದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಶಾಂತಮ್ಮನ ಕೈಯಿಂದ ತಪ್ಪಿಸಿಕೊಂಡಿದ್ದು ಒಂದೇ ಒಂದು ಸಾಮಾನು, ತವರಿನಿಂದ ತಂದ ಹೆಪ್ಪಿನ ಕುಡಿಕೆ.

ಮಗ ಹೂವಪ್ಪನಿಗೆ ಮೂವತ್ತಾಗುತ್ತ ಬಂದಿತ್ತು. ಪೇಟೆಯಲ್ಲಿ ಅವನದೊಂದು ಸೈಕಲ್ ಶಾಪು. ಕುಡಿಯುವವನಲ್ಲ, ಕೆಲಸಗಳ್ಳನಲ್ಲ, ನೋಡಲಿಕ್ಕೂ ಅಡ್ಡಿಯಿಲ್ಲ. ಆದರೂ ಮೂರು ಸಂಬಂಧ ಮನೆ ನೋಡಲು ಬಂದು ಹಾಗೇ ಕೈಬಿಟ್ಟು ಹೋಗಿದ್ದವು. ಯಾಕೆಂದು ಊರಿಗೆಲ್ಲ ಗೊತ್ತಿತ್ತು, ಶಾಂತಮ್ಮನಿಗೊಬ್ಬಳಿಗೆ ಗೊತ್ತಿರಲಿಲ್ಲ. ಮೂರನೆಯ ಸಲ ಹುಡುಗಿಯ ಕಡೆಯವರು ಜಗಲಿ ಹತ್ತಿ ಒಳಗೆ ಹೋಗುತ್ತಿದ್ದರೆ ಈಕೆ ಹಿಂದಿನಿಂದ ಒದ್ದೆ ಬಟ್ಟೆ ಹಿಡಿದು ಅವರ ಹೆಜ್ಜೆ ಒರೆಸುತ್ತ ಬಂದಿದ್ದಳು. ಹುಡುಗಿಯ ತಾಯಿ ಒಮ್ಮೆ ತಿರುಗಿ ನೋಡಿದಳು. ಕಾಫಿ ಕುಡಿದು ಹೋದವರು ಒಂದು ಕಾಗದವನ್ನೂ ಬರೆಯಲಿಲ್ಲ.

ನಾಲ್ಕನೆಯ ಹುಡುಗಿ ನಿಟ್ಟೂರಿನ ಪುಟ್ಟಪ್ಪನ ಮಗಳು ಜಲಜ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷ, ನವರಾತ್ರಿಗೆ ಮೊದಲು ತಾಯಿ ಮಗ ಹೆಣ್ಣು ನೋಡಲು ಹೋದರು. ಹುಡುಗಿಯ ಅಜ್ಜಿ ಮೂಕಮ್ಮ ಎದುರಿಗೆ ಕೂತಳು. ಹೆಸರಷ್ಟೇ ಮೂಕಮ್ಮ, ಆಕೆ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

"ನಿಮ್ಮನೇಲಿ ಎಂತೆಂತ ಸಾಕಿದೀರಪ್ಪ?" ಎಂದು ಕೇಳಿದಳು.

ದನ, ಎಮ್ಮೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಜಲಜಳ ಕಣ್ಣು ಕಂಡು ಹೂವಪ್ಪನ ತಲೆ ಕೆಟ್ಟಿತು.

"ಮೀನು," ಎಂದ. "ಕೆಂಪು ಮೀನು. ಗಾಜಿನ ತೊಟ್ಟೀಲಿ ಆರು ಇದಾವೆ."

ಒಂದೂ ಇರಲಿಲ್ಲ. ಶಿವಮೊಗ್ಗದಲ್ಲಿ ಯಾವನೋ ಡಾಕ್ಟರ ಮನೆಯಲ್ಲಿ ಒಮ್ಮೆ ಕಂಡಿದ್ದ, ಅಷ್ಟೆ. ಪಕ್ಕದಲ್ಲಿದ್ದ ಶಾಂತಮ್ಮನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು.

"ಸಾರಿಗಲ್ಲ, ಸಾಕಕೆ?" ಮೂಕಮ್ಮ ಕಣ್ಣರಳಿಸಿದಳು. "ಹಂಗಾರೆ ದೀಪಾವಳಿ ಕಳೀಲಿ, ನಾನೇ ಬಂದು ನೋಡ್ತೀನಿ. ಮೀನು ಹೆಂಗೆ ಸಾಕಿದೀಯ ನೋಡಿದ್ರೆ ನಮ್ಮ ಹುಡುಗೀನ ಹೆಂಗೆ ಸಾಕ್ತೀಯ ಅಂತ ಗೊತ್ತಾಗ್ತದೆ. ಮುಂದಿನ ಮಾತು ಆಮೇಲೆ."

ಸುಳ್ಳನ್ನು ನಿಜ ಮಾಡಲು ಹೂವಪ್ಪ ಬೆಂಗಳೂರಿಗೆ ಹೋದ. ಗಾಜಿನ ತೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿ, ಆರು ಮೀನುಗಳನ್ನು ತಗಡಿನ ಡಬ್ಬಿಯಲ್ಲಿ ಬಿಟ್ಟುಕೊಂಡು, ಶಿವಮೊಗ್ಗದ ತನಕ ರೈಲಿನಲ್ಲಿ ಸೈಕಲ್ ಪಂಪಿನಿಂದ ಆ ನೀರಿಗೆ ಗಾಳಿ ಹೊಡೆಯುತ್ತ ಬಂದ. ಎದುರಿಗಿದ್ದವರು ಹುಚ್ಚನಿರಬೇಕೆಂದು ಇಡೀ ಬೆಂಚನ್ನು ಅವನಿಗೇ ಬಿಟ್ಟುಕೊಟ್ಟರು. ಮೀನು ಮಾರಿದವನು, "ಮೊದಲು ನೀರು ತುಂಬಿ ಒಂದು ತಿಂಗಳು ಬಿಡಿ, ನೀರು ಹಳತಾಗಲಿ, ಆಮೇಲೆ ಮೀನು ಬಿಡಿ," ಎಂದಿದ್ದ. ಮೀನು ಡಬ್ಬಿಯಲ್ಲಿ ಬಾಯಿ ಬಿಡುತ್ತಿದ್ದರೆ ತಿಂಗಳನ್ನು ಎಲ್ಲಿಂದ ತರುವುದು? ಮನೆಗೆ ಬಂದವನೇ ಬಾವಿ ನೀರು ತುಂಬಿ ಆರನ್ನೂ ಬಿಟ್ಟ. ಮಾರಿದವನ ಮಾತನ್ನು ತಾಯಿಗೂ ಹೇಳಿದ. ಆದರೆ ನೀರು ಹಳತಾಗುವುದೆಂಬುದು ಶಾಂತಮ್ಮನ ಕಿವಿಗೆ ಇಳಿಯುವಂಥ ಮಾತೇ ಅಲ್ಲ.

ಮೀನುಗಳೇನೋ ಅವಳಿಗೆ ಬಹಳ ಹಿಡಿಸಿದವು. ಆದರೆ ಎರಡನೆಯ ದಿನ ಅವುಗಳ ಹಿಂದೆ ದಾರದ ಹಾಗೆ ಏನೋ ಜೋತಾಡುವುದನ್ನು ಕಂಡು ಹೌಹಾರಿದಳು.

"ಅಯ್ಯೋ ಹೂವ, ಇವು ನೀರಲ್ಲೇ ಹೇತು ಅದೇ ನೀರು ಕುಡೀತಾವಲ್ಲೋ!"

"ಮೀನಿಗೆ ಎಂತ ಕಕ್ಕಸು ಕಟ್ಟಿಸಕಾಗ್ತದಾ ಅವ್ವ?"

"ನಿಟ್ಟೂರಿನೋರು ನೋಡಿದ್ರೆ ಎಂತ ತಿಳ್ಕಂಡಾರು?"

ಅಂದಿನಿಂದ ದಿನಾ ಬೆಳಿಗ್ಗೆ ಮೀನುಗಳಿಗೆ ಬಕೆಟ್ಟಿನ ವಾಸ. ತೊಟ್ಟಿಯ ನೀರೆಲ್ಲ ಹಿತ್ತಿಲಿಗೆ. ಗಾಜಿಗೆ ಬೂದಿ ಮತ್ತು ತೆಂಗಿನ ನಾರು. ತಳದ ಕಲ್ಲುಗಳನ್ನು ಒಂದೊಂದಾಗಿ ಉಜ್ಜಿ, ಕುದಿಯುವ ನೀರಲ್ಲಿ ಹಾಕಿ ತೆಗೆದು, ಬಿಸಿಲಿಗೆ ಒಣಗಿಸಿ, ಮತ್ತೆ ಹೊಸ ಬಾವಿ ನೀರು. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಐದನೆಯ ದಿನ ಆ ಕನ್ನಡಿಯ ಮೇಲೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಮುಂದಿನ ವಾರ ಇನ್ನೆರಡು. ಶಾಂತಮ್ಮ ಅವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳುತ್ತಿದ್ದರೆ ಕೆರಿಯಮ್ಮ ಬೇಲಿಯ ಮೇಲೆ ಕತ್ತು ಚಾಚಿದಳು.

"ಮಣ್ಣು ಮಾಡಕ್ಕಿಂತ ಹುಳಿಮೆಣಸಿಗೆ ಹಾಕಬಾರ್ದಿತ್ತಾ? ಅಲ್ಲ ಶಾಂತಕ್ಕ, ಬೆಂಗಳೂರು ಮೀನಲ್ವಾ, ನಿಮ್ಮನೆ ನೀರು ಒಗ್ಗಲಿಲ್ಲ ಅಂತ ಕಾಣ್ತದೆ."

ನಿಮ್ಮನೆ ನೀರು ಒಗ್ಗಲಿಲ್ಲ. ಆ ಮಾತು ಶಾಂತಮ್ಮನ ಎದೆಗೆ ಹೊಡೆಯಿತು. ಹೊರಗಿನಿಂದ ತಂದ ಹೆಣ್ಣು ಬಾಳದಿದ್ದಾಗ ಜನ ಆಡುವ ಮಾತು ಅದೇ ಅಲ್ಲವೆ? ನಿಟ್ಟೂರಿನವರು ಬಂದಾಗ ತೊಟ್ಟಿ ಖಾಲಿಯಿದ್ದರೆ ಮೂಕಮ್ಮನೂ ಅದನ್ನೇ ಅಂದಾಳು, ಮಗ ಹೀಗೇ ಉಳಿದಾನು. ಹೆದರಿಕೆಯಾದರೆ ಶಾಂತಮ್ಮನಿಗೆ ಗೊತ್ತಿದ್ದ ಉಪಾಯ ಒಂದೇ. ಮರುದಿನದಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಿಕ್ಕಿದಳು. ನಾಲ್ಕನೆಯ ಮೀನೂ ಹೋಯಿತು. ತಿಕ್ಕಿದ ರಭಸಕ್ಕೆ ಗಾಜಿನ ಸಂದಿಯ ಅಂಟು ಎದ್ದು, ತೊಟ್ಟಿ ನಡುಮನೆಯಲ್ಲೇ ಸೋರತೊಡಗಿತು.

ಹೂವಪ್ಪ ತಾಯಿಗೆ ಎದುರು ಮಾತಾಡುವವನಲ್ಲ. ಸೋರುವ ತೊಟ್ಟಿಯನ್ನು ಸುಮ್ಮನೆ ಶಾಪಿಗೆ ಹೊತ್ತ, ಉಳಿದ ಎರಡನ್ನು ಬಕೆಟ್ಟಿನಲ್ಲಿ ತಗೊಂಡು ಹೋದ. ಸಂದಿಗೆ ಹೊಸ ಅಂಟು ಮೆತ್ತಿ ಒಣಗಲು ಬಿಟ್ಟ. ಎಂಟು ದಿನ ಬೇಕಿತ್ತು.

ದೀಪಾವಳಿ ಮುಗಿದಿತ್ತು. ಎಂಟನೆಯ ದಿನ ನಿಟ್ಟೂರಿನಿಂದ ಕಾಗದ ಬಂತು, ಮುಂದಿನ ಭಾನುವಾರ ಬರುತ್ತೇವೆಂದು. ಶಾಂತಮ್ಮ ಕಾಗದ ಹಿಡಿದು, ಬುತ್ತಿಯ ನೆಪ ಮಾಡಿಕೊಂಡು ಶಾಪಿಗೆ ಓಡಿದಳು.

"ಹೂವ, ಅವೆರಡು ಇದಾವಾ, ಹೋದವಾ?"

ಹೂವಪ್ಪ ಮೂಲೆಯ ಮರಿಗೆಯನ್ನು ತೋರಿಸಿದ. ಅದು ಪಂಕ್ಚರ್ ನೋಡುವ ಕಲ್ಲಿನ ಮರಿಗೆ. ಗಾಳಿ ತುಂಬಿದ ಟ್ಯೂಬನ್ನು ಅದರಲ್ಲಿ ಅದ್ದಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಶಾಪು ಶುರುವಾದಾಗಿನಿಂದ ಅದನ್ನು ಯಾರೂ ತೊಳೆದಿರಲಿಲ್ಲ, ನೀರು ಇಳಿದಾಗ ಮೇಲೆ ಒಂದು ಬಕೆಟ್ಟು ಸುರಿದರಾಯಿತು. ಒಳಗೆಲ್ಲ, ತಳದಲ್ಲಿ ಬಿದ್ದ ಕಲ್ಲುಗಳ ಮೇಲೂ ಹಸಿರು ಪಾಚಿ, ನೀರ ಮೇಲೆ ಸೊಳ್ಳೆಮರಿ. ಅದರ ನಡುವೆ ಎರಡು ಕೆಂಪು ಮೀನು, ಕೊಬ್ಬಿ ಗುಂಡಗಾಗಿ, ಹೂವಪ್ಪ ಅದ್ದಿದ ಟ್ಯೂಬಿನ ಗುಳ್ಳೆಗಳನ್ನು ಅಟ್ಟಿಸಿಕೊಂಡು ಆಡುತ್ತಿದ್ದವು.

"ಈ ರೊಚ್ಚೇಲಾ!" ಶಾಂತಮ್ಮ ಕಿರುಚಿದಳು. ಕೈ ತಾನಾಗಿ ಮರಿಗೆಯೊಳಗೆ ಹೋಗಿ ಪಾಚಿಯನ್ನು ಕೆರೆಯಲು ಬೆರಳು ಬಾಗಿಸಿತು. ಪಾಚಿ ನುಣ್ಣಗೆ, ಲೋಳೆ ಲೋಳೆಯಾಗಿ ಬೆರಳಿಗೆ ತಾಗಿತು. ಬೆರಳು ಅಲ್ಲೇ ನಿಂತಿತು.

ಎಂಟು ದಿನ. ತಾನು ಮುಟ್ಟದೆ ಎಂಟು ದಿನ, ಒಂದೂ ಸತ್ತಿಲ್ಲ.

ನಲವತ್ತು ವರ್ಷ ಮೊಸರು ಮಾಡಿದ ಕೈಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಪ್ಪಿನ ಕುಡಿಕೆಯನ್ನು ದಿನಾ ಬೂದಿ ಹಾಕಿ ಬೆಳಗಿದರೆ ಹಾಲು ಹಾಲಾಗಿಯೇ ಒಡೆದು ಹೋಗುತ್ತದೆ. ನೀರಿಗೂ ಒಂದು ಹೆಪ್ಪು ಬೇಕು. ಅದು ಹೆಪ್ಪಾಗಲು ಹೊರಟಾಗಲೆಲ್ಲ ತಾನೇ ಎತ್ತಿ ಹಿತ್ತಿಲಿಗೆ ಚೆಲ್ಲಿದ್ದಳು. ಶಾಂತಮ್ಮ ಮರಿಗೆಯ ಅಂಚಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಪಂಕ್ಚರ್ ಹಾಕಿಸಲು ಬಂದಿದ್ದ ಪೋಸ್ಟಿನವನು, ಇವರ ಮನೆಯಲ್ಲಿ ಯಾರೋ ತೀರಿಕೊಂಡರೆಂದು ಚಪ್ಪಲಿ ಬಿಟ್ಟು ನಿಂತ.

"ಅಳಬೇಡ ಅವ್ವ," ಎಂದ ಹೂವಪ್ಪ.

"ಅಳ್ತಾ ಕೂರಕೆ ಹೊತ್ತಿಲ್ಲ. ಆ ಕೊಡ ಎತ್ಕೊ," ಎಂದಳು.

ಆ ದಿನವೇ ತೊಟ್ಟಿ ನಡುಮನೆಗೆ ಬಂತು. ಮರಿಗೆಯ ತಳದ ಪಾಚಿಗಲ್ಲುಗಳು, ಎರಡು ಕೊಡ ಮರಿಗೆಯ ನೀರು, ಮೇಲೆ ಒಂದಿಷ್ಟು ಬಾವಿ ನೀರು, ಆಮೇಲೆ ಮೀನು. ದಿನಕ್ಕೆ ಒಂದು ಚೊಂಬು ತೆಗೆದು ಒಂದು ಚೊಂಬು ಹಾಕುವುದು, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ. ಗಾಜಿನ ಮೇಲೆ ಹಸಿರು ಹಿಡಿದಾಗ ಶಾಂತಮ್ಮನ ಕೈ ನವೆ ಹತ್ತಿದಂತೆ ಆಡುತ್ತಿತ್ತು. ಆ ನವೆಯನ್ನೆಲ್ಲ ಮಿಕ್ಕ ಮನೆಯ ಮೇಲೆ ತೀರಿಸಿಕೊಂಡಳು. ಶನಿವಾರದ ಹೊತ್ತಿಗೆ ಬಾಗಿಲುವಾಡ ಎಷ್ಟು ಹೊಳೆಯುತ್ತಿತ್ತೆಂದರೆ ಬೆಕ್ಕು ತನ್ನನ್ನೇ ಕಂಡು ಗುರುಗುಟ್ಟಿತು.

ಭಾನುವಾರ ಪುಟ್ಟಪ್ಪ, ಮೂಕಮ್ಮ ಬಸ್ಸಿಳಿದು ಬಂದರು. ಅವರ ಹೆಜ್ಜೆಗಳು ನೆಲದ ಮೇಲೆ ಬಿದ್ದವು. ಶಾಂತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ನಿಂತಳು. ಮೂಕಮ್ಮ ಸೀದಾ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಆರು ಅಂದಿದ್ರಿ. ಎರಡೇ ಇದಾವೆ."

"ಅದು... ಬೆಕ್ಕು..." ಎಂದು ಹೂವಪ್ಪ ಶುರುಮಾಡಿದ.

"ಬೆಕ್ಕೂ ಇಲ್ಲ, ಎಂತದೂ ಇಲ್ಲ," ಎಂದಳು ಶಾಂತಮ್ಮ. "ನಾಕನ್ನ ನಾನೇ ಕೊಂದೆ. ದಿನಾ ತೊಳ್ದು, ತಿಕ್ಕಿ ತಿಕ್ಕಿ ಕೊಂದೆ. ಇವೆರಡು ಉಳಿದಿದ್ದು ನಾನು ಕೈ ಬಿಟ್ಟಿದ್ದಕ್ಕೆ."

ಪುಟ್ಟಪ್ಪ ಕಾಫಿಯ ಲೋಟ ಕೆಳಗಿಟ್ಟ. ಹೂವಪ್ಪ ಕಣ್ಣು ಮುಚ್ಚಿಕೊಂಡ. ಮೂಕಮ್ಮ ತೊಟ್ಟಿಯೊಳಗೆ ಬೆರಳು ಹಾಕಿ ಗಾಜಿನ ಮೇಲೆ ಎಳೆದು, ಹಸಿರಾದ ಬೆರಳನ್ನು ಬೆಳಕಿಗೆ ಹಿಡಿದಳು.

"ಮನೆಯೆಲ್ಲ ಇಷ್ಟು ಚೊಕ್ಕ, ಇದೆಂತದು ಮತ್ತೆ?"

"ಹೆಪ್ಪು," ಎಂದಳು ಶಾಂತಮ್ಮ.

ಮೂಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪುಟ್ಟಪ್ಪನಿಗೆ ಅದೇ ಗಾಬರಿಯಾಯಿತು, ತಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವನು ನೋಡಿರಲಿಲ್ಲ.

"ನಿನ್ನ ವಿಚಾರ ಕೇಳ್ಕಂಡೇ ಬಂದಿದೀನಿ ಕಣಮ್ಮ," ಎಂದಳು ಕೊನೆಗೆ. "ಹೆಜ್ಜೆ ಒರೆಸ್ತಾಳೆ, ಆ ಮನೇಲಿ ಹುಡುಗಿ ಬದುಕಲ್ಲ ಅಂದ್ರು ಜನ. ನಮ್ಮ ಜಲಜ ಚೊಕ್ಕದೋಳಲ್ಲ. ಬಾಚಿದ ಕೂದ್ಲು ಬಾಚಿದಲ್ಲೇ, ಉಂಡ ತಟ್ಟೆ ಉಂಡಲ್ಲೇ. ಅವಳನ್ನೂ ತಿಕ್ತೀಯಾ?"

ಮೂರು ಸಂಬಂಧಗಳು ಯಾಕೆ ಹೋದವೆಂದು ಶಾಂತಮ್ಮನಿಗೆ ಆಗ ತಿಳಿಯಿತು. ಮುಖ ಕೆಂಪಾಯಿತು. ತಿಕ್ಕುವುದಿಲ್ಲವೆಂದು ಬಾಯಿಮಾತಿಗೆ ಹೇಳಿಬಿಡಬಹುದಿತ್ತು. ಮಗ ಸುಳ್ಳು ಹೇಳಿ ಆಗಿದ್ದು ಸಾಕಾಗಿತ್ತು.

"ದಿನಕ್ಕೊಂದು ಚೊಂಬು," ಎಂದಳು. "ಅದಕ್ಕಿಂತ ಹೆಚ್ಚು ತೊಳಿಯಲ್ಲ."

ಮೂಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಏಳಲು ಹೋಗಿ, ಹಸಿರು ಮೆತ್ತಿದ ಬೆರಳನ್ನು ಪಕ್ಕದಲ್ಲೇ ಹೊಳೆಯುವ ಬಾಗಿಲುವಾಡಕ್ಕೆ ಉದ್ದಕ್ಕೆ ಒರೆಸಿದಳು. ಬೇಕೆಂದೇ ಒರೆಸಿದಳು. ಶಾಂತಮ್ಮನ ಮುಖವನ್ನೇ ನೋಡುತ್ತ ಒರೆಸಿದಳು.

"ಅಯ್ಯೋ, ಗಲೀಜಾಯ್ತಲ್ಲ. ಬಟ್ಟೆ ತಗಂಬಾರಮ್ಮ, ಒರೆಸಿಕೊ."

ಸೆರಗಿನೊಳಗೆ ಶಾಂತಮ್ಮನ ಬೆರಳುಗಳು ಒಂದನ್ನೊಂದು ಹಿಡಿದುಕೊಂಡವು. ಆ ಹಸಿರು ಗೆರೆಯ ಒಂದು ಹನಿ ಬಾಗಿಲುವಾಡದ ಮೇಲೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅವಳು ಅದು ಹೊಸಿಲಿಗೆ ಮುಟ್ಟುವ ತನಕ ನೋಡಿದಳು.

"ಇರ್ಲಿ ಬಿಡಿ," ಎಂದಳು.