ಸೊಪ್ಪಿನ ಮೇಲಿನ ಮಂಜು

"ನಮ್ಮತ್ತೆ ಈಜುಕೊಳಕ್ಕಾ? ಒಳ್ಳೆ ಕೇಳಿದ್ರಿ ಕಣ್ರೀ!" ಅತ್ತೆಯನ್ನು ತೀವ್ರ ನಿಗಾ ಘಟಕದಲ್ಲಿ ಮಲಗಿಸಿದ ಸಂಕಟದಲ್ಲೂ ಫೋನಿನ ಆ ಕಡೆಯ ಸೊಸೆಗೆ ನಗು ಬಂತು. "ಅವರು ಹೋಗೋದು ಒಂದೇ ಕಡೆ, ಸೊಪ್ಪಿನಂಗಡಿಗೆ. ರಿಟೈರ್ ಆದ ಟೀಚರಲ್ವಾ, ಒಂದು ಕಟ್ಟು ಸೊಪ್ಪಿಗೆ ಅರ್ಧ ಬೆಳಗು ಚೌಕಾಸಿ."

"ಯಾವ ಅಂಗಡಿ?"

"ಅದೇ, ಹೊಗೆ ಬಿಡ್ತಾರಲ್ಲ, ಆ ಅಂಗಡಿ."

ಆರೋಗ್ಯ ಕಚೇರಿಯ ಕಿಟಕಿ ಪಕ್ಕ ಕೂತಿದ್ದ ಗುಬ್ಬಿಯ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತುಬಿಟ್ಟವು. ಅದು ಹೊಗೆಯಲ್ಲ, ಸೊಪ್ಪು ಬಾಡದಿರಲೆಂದು ಯಂತ್ರ ಚಿಮ್ಮಿಸುವ ನೀರಿನ ಮಂಜು. ಅಂಗಡಿ ಅವಳ ಒಡಹುಟ್ಟಿದ ಅಣ್ಣನದು. ಆಳು ಸಣ್ಣ, ಬಾಯಿ ದೊಡ್ಡದು ಎಂದು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವನೂ ಅವನೇ.

ಆ ಅತ್ತೆಗೂ ಇನ್ನು ಕೆಲವರಿಗೂ ಬಂದಿದ್ದ ಈ ಬಗೆಯ ನ್ಯುಮೋನಿಯಾ ಕಂಡ ಕೂಡಲೇ ಆಸ್ಪತ್ರೆಯವರು ಕಚೇರಿಗೆ ತಿಳಿಸಲೇಬೇಕು, ಅದು ರಾಜ್ಯದ ಕಾನೂನು. ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆಯಲ್ಲ. ಕೊಳವೆಯಲ್ಲಿ ನಿಂತ ನೀರಿನಲ್ಲಿ ಬೆಳೆದು, ತುಂತುರಿನ ಜೊತೆ ಉಸಿರಿಗೆ ಇಳಿಯುವಂಥದ್ದು. ಆ ನೀರನ್ನು ಹುಡುಕುವುದು ಗುಬ್ಬಿಯ ಕೆಲಸ. ಈಜುಕೊಳ, ಹೋಟೆಲು, ಕಾರಂಜಿ ಎಂದು ವಾರವೆಲ್ಲ ಕೇಳಿ ಕೇಳಿ ಸುಸ್ತಾಗಿದ್ದಳು. ಈಗ ಉಳಿದ ರೋಗಿಗಳ ಮನೆಗೂ ಫೋನು ಹಚ್ಚಿದಳು. ಎಲ್ಲ ಕಡೆ ಅದೇ ಅಂಗಡಿ, ಅದೇ ಚೌಕಾಸಿ. ಸರಕ್ಕನೆ ಕೊಂಡು ಹೋಗುವವರು ಒಬ್ಬರೂ ಇಲ್ಲ. ಮಂಜಿನಲ್ಲಿ ನಿಂತು ಬೆಲೆ ಎಳೆದಾಡಿದವರೇ ಹಾಸಿಗೆ ಹಿಡಿದಿದ್ದರು. ಅಣ್ಣನೂ ಅಂಥವನೇ, ಚೌಕಾಸಿ ಮಾಡದ ಗಿರಾಕಿ ಬಂದರೆ ಅವನ ಮುಖ ಬಾಡುತ್ತಿತ್ತು.

ಅಂಗಡಿ ಮೊದಲು ಅಜ್ಜಿಯದಾಗಿತ್ತು. ಅಜ್ಜಿ ಸೊಪ್ಪಿಗೆ ಒದ್ದೆ ಗೋಣಿ ಹೊದಿಸಿ, ಮೋಡದೊಳಗಿನ ಅರಮನೆಯ ಕಥೆ ಹೇಳುತ್ತಿದ್ದಳು. ಅಣ್ಣ ಗೋಣಿಯನ್ನು ಅಟ್ಟಕ್ಕೆ ಹಾಕಿ, ಮೋಡವನ್ನೇ ತಂದು ಕೂರಿಸಿದ್ದ.

ಅಂಗಡಿ ಯಾರದೆಂದು ಗುಬ್ಬಿ ಹೇಳಿದಾಗ ಮೇಲಧಿಕಾರಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನೀನು ಇದರಿಂದ ಹಿಂದೆ ಸರಿಯಬಹುದಮ್ಮ. ಬೇರೆಯವರನ್ನ ಕಳಿಸ್ತೀನಿ."

"ಆದೇಶಕ್ಕೆ ಸಹಿ ನೀವು ಹಾಕಿ ಮೇಡಂ. ಮಾತು ನಾನಾಡ್ತೀನಿ. ಈಗಲೇ ಹೋಗೋಣ, ಸಂಜೆ ಗಿರಾಕಿಗಳು ಸೇರೋ ಮುಂಚೆ."

ದಾರಿಯಲ್ಲಿ ಅಣ್ಣನಿಗೊಂದು ಮಾತು ಹೇಳಿಬಿಡೋಣ ಎಂದು ಕೈ ತುರಿಸಿತು. ಗುಬ್ಬಿ ತನ್ನ ಫೋನನ್ನು ಮೇಡಂ ಕೈಗೇ ಕೊಟ್ಟುಬಿಟ್ಟಳು.

"ಏನೇ ಗುಬ್ಬಿ, ಆಫೀಸಿನವರು ಇಷ್ಟು ಬೇಗ ಓಡಿಸಿದ್ರಾ?" ಮಂಜಿನ ಹಿಂದಿನಿಂದ ಅಣ್ಣನ ದನಿ ಬಂತು.

"ಅಣ್ಣಾ, ಯಂತ್ರ ನಿಲ್ಲಿಸು. ತೊಳೀಬೇಡ, ಒರೆಸಬೇಡ. ನಿಲ್ಲಿಸು, ಅಷ್ಟೆ."

ಅವಳು ಎಲ್ಲವನ್ನೂ ಹೇಳಿದಳು. ಮೇಡಂ ಕೊಳವೆಯ ನೀರನ್ನು ಸೀಸೆಗೆ ತುಂಬಿ, ಯಂತ್ರಕ್ಕೆ ಮೊಹರು ಹಾಕಿದರು. ಇವತ್ತಿಗೆ ಅಂಗಡಿ ಬಂದ್. ನಾಳೆ ತೆರೆಯಬಹುದು, ಮಂಜಿಲ್ಲದೆ.

"ಒಂದು ಫೋನ್ ಮಾಡೋಕೂ ಆಗ್ಲಿಲ್ವಾ ನಿಂಗೆ?" ಅಣ್ಣ ಕೇಳಿದ. "ಒಡಹುಟ್ಟಿದವನು ಕಣೇ ನಾನು."

"ಮಾಡಿದ್ರೆ ನೀನು ಏನ್ ಮಾಡ್ತಿದ್ದೆ?"

ಅಣ್ಣ ಮೂಲೆಯಲ್ಲಿದ್ದ ಬ್ರಷ್ ನೋಡಿದ. ಊರಿಗೆಲ್ಲ ಗೊತ್ತಿದ್ದ ಅವನ ಶುಚಿಯ ಹುಚ್ಚು ಅವನಿಗೂ ಗೊತ್ತಿತ್ತು. "ಪಳಪಳ ಉಜ್ಜಿ ಇಡ್ತಿದ್ದೆ," ಎಂದ. "ನೀರಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ."

ಆಮೇಲೆ ಏನೋ ನೆನಪಾದವನಂತೆ ತಲೆಯೆತ್ತಿದ. "ಟೀಚರಮ್ಮ ಈಚೆಗೆ ಈ ಕಡೆ ಬಂದೇ ಇಲ್ಲ. ಬೇರೆ ಅಂಗಡಿ ಹಿಡಿದ್ರು ಅಂತ ನಾನು ಮುನಿಸ್ಕೊಂಡು ಕೂತಿದ್ದೆ. ಗುಬ್ಬಿ, ಅವರೂನಾ?"

"ಹೆಸರು ಹೇಳೋ ಹಾಗಿಲ್ಲ ಅಣ್ಣ. ಯಾರದ್ದೂ."

ಅಣ್ಣ ಏಣಿ ಹಾಕಿ ಅಟ್ಟದಿಂದ ಗೋಣಿಗಳನ್ನು ಇಳಿಸಿದ, ಧೂಳು ಕೊಡವಿದ, ಬೀದಿ ನಲ್ಲಿಯ ಕೆಳಗೆ ಒಗೆದು ಬಕೆಟ್ಟಿನಲ್ಲಿ ಅದ್ದಿದ. ಒಂದು ತುದಿಯನ್ನು ತಂಗಿಯತ್ತ ಚಾಚಿದ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿದಳು. ಅವನು ಒಂದು ಕಡೆಗೆ, ಅವಳು ಇನ್ನೊಂದು ಕಡೆಗೆ ತಿರುಚಿದರು. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

ಸೊಪ್ಪಿನ ರಾಶಿಗೆಲ್ಲ ಹೊದಿಸಿ ಆದಮೇಲೆ ಅಣ್ಣ ಗೋಣಿಯ ಅಂಚೆತ್ತಿದ. ಎಳೆಯ ಕಟ್ಟೊಂದನ್ನು ಆರಿಸಿ, ಟೀಚರಮ್ಮ ಚೌಕಾಸಿಗೆ ನಿಲ್ಲುತ್ತಿದ್ದ ಕಡೆಗೆ ಸರಿಸಿಟ್ಟು, ಮತ್ತೆ ಮುಚ್ಚಿದ.