ಗೇರಣ್ಣನ ಹೊಸ ಜೀಪು

ಒಂದು ಜೀಪು ಓಡಿಸೋಕೆ ಇಬ್ಬರು ಬೇಕಾಗಿತ್ತು ಅಂದರೆ ನಗಬೇಡಿ, ಇದು ನಿಜ. ಸ್ಟೀರಿಂಗ್ ಹಿಡಿಯೋನು ತಮ್ಮ, ಗೇರು ಹಾಕೋನು ಅಣ್ಣ. ತಮ್ಮನ ಎಡಗೈ ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಚಕ್ರದ ಮೇಲೆ ಇಟ್ಟುಕೊಳ್ಳೋಕೆ ಆಗುತ್ತಿತ್ತು, ಹಳೇ ಜೀಪಿನ ಮೊಂಡು ಗೇರನ್ನು ತಳ್ಳುವ ಬಲ ಅದಕ್ಕಿರಲಿಲ್ಲ. ಅಣ್ಣನಿಗೆ ಎರಡು ಕೈಯೂ ನೆಟ್ಟಗಿದ್ದವು. ಆದರೆ ಕಲಿಯೋಕೆ ಕೂತ ಮೊದಲ ದಿನವೇ ಜೀಪನ್ನು ಚರಂಡಿಗಿಳಿಸಿದ ಮಹಾರಾಯ ಅವನು, ಅವತ್ತಿನಿಂದ ಸ್ಟೀರಿಂಗ್ ಕಂಡರೆ ಎದೆ ಢವಢವ. ಹಾಗಾಗಿ ತಮ್ಮ ಕ್ಲಚ್ ಒತ್ತುತ್ತಿದ್ದ, ಪಕ್ಕದ ಸೀಟಿನಿಂದ ಅಣ್ಣ ಬಲಗೈಯಲ್ಲಿ ಗೇರು ಹಾಕುತ್ತಿದ್ದ. ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ. ಇಂಜಿನ್ನಿನ ಸದ್ದು ಬದಲಾದರೆ ಸಾಕು, ಇವನ ಕಾಲೂ ಅವನ ಕೈಯೂ ಒಂದೇ ಮೈಯವು ಅನ್ನೋ ಹಾಗೆ ಕೆಲಸ ಮಾಡುತ್ತಿದ್ದವು. ಜನ ಅಣ್ಣನಿಗೆ ಗೇರಣ್ಣ ಅಂತ ಹೆಸರಿಟ್ಟರು, ಅದೇ ಉಳಿದುಕೊಂಡಿತು.

ಗುಡ್ಡದ ಮೇಲಿನ ಕಲ್ಲುಕ್ವಾರಿಯಲ್ಲೋ ತೋಟದಲ್ಲೋ ನೀರಿನ ಪಂಪು ಕೆಟ್ಟರೆ ರಿಪೇರಿಗೆ ಹೋಗೋರು ಇವರೇ. ಹೀಗೆ ಅರ್ಧ ಆಯುಷ್ಯ ಕಳೆದ ಮೇಲೆ ಒಂದು ದಿನ ಹಳೇ ಜೀಪಿನ ಹೊಟ್ಟೆಯೊಳಗಿನ ಕಬ್ಬಿಣವೆಲ್ಲ ತುಕ್ಕು ತಿಂದು ಕೂತುಬಿಟ್ಟಿತು. ಇನ್ನು ಇದಕ್ಕೆ ಬೆಸುಗೆ ಹಾಕಿದರೆ ಬೆಸುಗೆಯಷ್ಟೇ ಉಳಿಯೋದು ಅಂತ ವೆಲ್ಡಿಂಗ್‌ನವನು ಕೈಚೆಲ್ಲಿದ. ಹೊಸದಕ್ಕೆ ಆರ್ಡರ್ ಕೊಡಲು ಅಣ್ಣ ತಮ್ಮ ಷೋರೂಮಿಗೆ ಹೋದರು.

ಷೋರೂಮಿನ ಹುಡುಗಿ ಒಳ್ಳೆಯವಳು, ತಾಳ್ಮೆಯವಳು, ಆದರೆ ಅವಳ ಕೈಲಿದ್ದ ಟ್ಯಾಬಿನ ಪರದೆ ಮಾತ್ರ ಜಗಮೊಂಡ. ಬಟ್ಟೆ ಟಾಪು ಬೇಕು ಅಂತ ಒತ್ತಿದರೆ ಹಸಿರು ಬಣ್ಣ ಮಾಯ. ಹಸಿರು ಒತ್ತಿದರೆ ತಗಡಿನ ಟಾಪೇ ಗತಿ. ಕೆಸರಲ್ಲಿ ಸಿಕ್ಕಿಕೊಂಡರೆ ಎಳೆಯೋಕೆ ಮುಂದುಗಡೆ ಹಗ್ಗದ ರಾಟೆ ಬೇಕಂದರೆ ದೊಡ್ಡ ಚಕ್ರ ತಗೊಳ್ಳಲೇಬೇಕು, ದೊಡ್ಡ ಚಕ್ರ ಬಂದರೆ ಹಿಂದಿನ ಬೆಂಚು ಸೀಟು ಹೋಯಿತು. ಗೇರಣ್ಣನಿಗೆ ತಲೆಕೆಟ್ಟುಹೋಯಿತು. ಎಡಗಾಲಿನ ಚಪ್ಪಲಿ ಬೇಕಿದ್ದರೆ ಜೊತೆಗೊಂದು ಟೋಪಿ ತಗೊಳ್ಳಿ, ಬಲಗಾಲಿನದು ಮುಂದಿನ ವರ್ಷ ಅನ್ನೋ ಅಂಗಡಿ ಇದು ಅಂತ ಬೈದ. ಹುಡುಗಿ ನಕ್ಕಳು. ಎಲ್ಲರೂ ಇದನ್ನೇ ಹೇಳ್ತಾರೆ ಸರ್, ಕಂಪನಿಯವರು ಕೇಳಲ್ಲ ಅಂದಳು.

ಕೊನೆಗೆ ಉಳಿದದ್ದು ಗೇರಿನ ಪ್ರಶ್ನೆ. ತಮ್ಮ ಮೆಲ್ಲಗೆ ಆಟೋಮ್ಯಾಟಿಕ್ ನೋಡೋಣ ಅಂದ. ಅದರ ಜೊತೆ ಏನೇನು ಬರುತ್ತೆ ಅಂತ ಹುಡುಗಿ ಓದಿ ಹೇಳಿದಳು: ಮೆಟ್ಟಿಲಿನ ಹಾಗೆ ಅಗಲವಾದ ಫುಟ್‌ಬೋರ್ಡು, ಹಿಡಿದು ಹತ್ತೋಕೆ ಹಿಡಿಕೆ, ಹಾಡು, ಇನ್ನೂ ಏನೇನೋ. ತಮ್ಮ ಆಮೇಲೆ ಕೇಳಿದ್ದನ್ನೇ ಕೇಳಿದ. ಗೇರು ಇರೋದಕ್ಕೆ ಫುಟ್‌ಬೋರ್ಡು ಬರಲ್ವಾ? ಬೇರೆಯಾಗಿ ದುಡ್ಡು ಕೊಟ್ಟರೆ? ಕಂಪನಿಗೆ ಒಂದು ಫೋನ್ ಮಾಡಿ ನೋಡ್ತೀರಾ? ಅವಳು ಮಾಡಿ ನೋಡಿದಳು, ಬರಲ್ಲ ಅಂದರು. ಮದುಮಗನ ಹಾಗೆ ಮೆಟ್ಟಿಲ ಮೇಲಿಂದ ಇಳೀಬೇಕೇನೋ ನಿನಗೆ, ಇದೆಲ್ಲ ಶೋಕಿ ಅಂತ ಗೇರಣ್ಣ ಹಂಗಿಸಿದ.

ಅವನ ಹೊಟ್ಟೆಯೊಳಗೆ ಇದ್ದದ್ದೇ ಬೇರೆ. ಆಟೋಮ್ಯಾಟಿಕ್ ಅಂದರೆ ಗೇರು ತಾನೇ ಬೀಳುತ್ತೆ. ಗೇರು ತಾನೇ ಬಿದ್ದರೆ ಗೇರಣ್ಣ ಯಾತಕ್ಕೆ? ಇಷ್ಟು ವರ್ಷ ಜೊತೆಗೆ ಓಡಾಡಿದ ತಮ್ಮನೇ, ನೀನಿನ್ನು ಮನೇಲಿರು ಅನ್ನೋದನ್ನ ಹೀಗೆ ಸುತ್ತಿ ಬಳಸಿ ಹೇಳ್ತಿದ್ದಾನೆ ಅನ್ನಿಸಿತು. ತಮ್ಮನ ಕಡೆ ನೋಡದೆ, ಗೇರಿರೋದೇ ಕೊಡಮ್ಮ ಅಂತ ಹೇಳಿ ಸಹಿ ಹಾಕಿಬಿಟ್ಟ. ದೊಡ್ಡವನು ಹೇಳಿದ ಮೇಲೆ ಮುಗೀತು.

ತಿಂಗಳುಗಟ್ಟಲೆ ಕಾಯಿಸಿ ಗಾಡಿ ಬಂತು. ಷೋರೂಮಿನ ಅಂಗಳದಲ್ಲಿ ನಿಂತಿತ್ತು, ಥಳಥಳ ಅಂತ, ಹಳೇದಕ್ಕಿಂತ ಮೊಳದಷ್ಟು ಎತ್ತರ. ಗೇರಣ್ಣ ಬಾಗಿಲು ತೆಗೆದು ಕಾಲೆತ್ತಿದ. ಕಾಲು ಅಲ್ಲಿಯವರೆಗೆ ಹೋಗಲೇ ಇಲ್ಲ. ಇನ್ನೊಂದು ಕಾಲೆತ್ತಿದರೆ ಮಂಡಿ ಕಳಕ್ ಅಂದು ಕಣ್ಣಲ್ಲಿ ನೀರು ಬಂತು. ಆ ಮಂಡಿ ಎರಡು ಮಳೆಗಾಲದಿಂದ ಕಾಡುತ್ತಿತ್ತು. ಹೆಂಡತಿಯ ಹತ್ತಿರವೂ ಅವನು ಬಾಯಿಬಿಟ್ಟಿರಲಿಲ್ಲ.

ಕೀಲಿ ಕೊಡಲು ಬಂದ ಹುಡುಗಿ ನೋಡಿ ಮರುಗಿದಳು. ಪಾಪ ಸರ್, ಅದಕ್ಕೇ ನಿಮ್ಮ ತಮ್ಮ ಆಮೇಲೂ ನಾಲ್ಕೈದು ಸಲ ಬಂದು ಫುಟ್‌ಬೋರ್ಡು ಕೇಳಿದ್ರು ಅಂದಳು. ತಮ್ಮ ಅವಳನ್ನು ಸುಮ್ಮನಿರಿ ಅನ್ನೋ ಹಾಗೆ ನೋಡಿದ. ತಡವಾಗಿತ್ತು.

ಅವಳು ಒಳಗೆ ಹೋದ ಮೇಲೆ ಗೇರಣ್ಣ ಬಾಗಿಲು ಹಿಡಿದುಕೊಂಡೇ ಕೇಳಿದ: "ನನ್ನ ಮಂಡಿಗೆ ಅಂತ ಒಂದು ಮಾತು ಹೇಳೋಕೇನಾಗಿತ್ತೋ ನಿಂಗೆ?"

"ನೀನೇ ಮುಚ್ಚಿಟ್ಟಿದ್ದೆ ಅಣ್ಣ," ಅಂದ ತಮ್ಮ. "ನೀನು ಮುಚ್ಚಿಟ್ಟಿದ್ದನ್ನ ನಾನು ಹ್ಯಾಗೆ ಅವಳ ಮುಂದೆ ಬಿಚ್ಚಲಿ?"

ಗೇರಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಹಿ ಹಾಕಿದ ಆರ್ಡರು, ಬದಲಾಯಿಸೋ ಹಾಗಿಲ್ಲ. ತಮ್ಮ ಅವನ ಸೊಂಟಕ್ಕೆ ಹೆಗಲು ಕೊಟ್ಟು, ಮೂಟೆ ಹೇರಿದ ಹಾಗೆ ಒಳಗೆ ಹತ್ತಿಸಿದ.

ದಾರಿಯಲ್ಲಿ ತಮ್ಮ ಕ್ಲಚ್ ಒತ್ತಿದ, ಗೇರಣ್ಣ ಗೇರು ಹಾಕಿದ. ಎರಡು, ಮೂರು. ಏರು ಬಂತು. ಮಂಡಿ ಹಿಡಿದು ಕೂತಿದ್ದ ಗೇರಣ್ಣನ ಕೈ ಒಂದು ಗಳಿಗೆ ತಡವಾಯಿತು. ಗಾಡಿ ಮುಗ್ಗರಿಸಿತು. ಗಾಬರಿಯಲ್ಲಿ ತಮ್ಮನ ಸೊಟ್ಟ ಎಡಗೈ ತಾನಾಗೇ ಚಾಚಿ ಗೇರನ್ನು ಮುಟ್ಟಿತು. ಮುಟ್ಟಿದ್ದಷ್ಟೇ, ಗೇರು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಇಬ್ಬರೂ ನೋಡಿದರು. ಹೊಸ ಗಾಡಿ, ಹೊಸ ಕಾಲ, ಗೇರಿಗೆ ಬಲವೇ ಬೇಡ. ತಮ್ಮ ಬಿಸಿ ತಾಗಿದವನ ಹಾಗೆ ಕೈ ಹಿಂದಕ್ಕೆಳೆದುಕೊಂಡ. ಮನೆ ಬರುವವರೆಗೂ ಕ್ಲಚ್ ಒತ್ತಿ ಅಣ್ಣನ ಕೈಗಾಗಿ ಕಾದ. ಗೇರಣ್ಣ ಹಾಕಿದ. ಹಾಕುವಾಗಲೆಲ್ಲ ನಾಚಿಕೆಯಾಯಿತು.

ಆಮೇಲೆ ವೆಲ್ಡಿಂಗ್‌ನವನು ಒಂದು ಫುಟ್‌ಬೋರ್ಡು ಮಾಡಿಕೊಟ್ಟ, ಕ್ವಾರಿಯ ದಾರಿಯ ಮೊದಲ ಬಂಡೆಗೇ ಅದು ಕಿತ್ತುಹೋಯಿತು. ಮನೆಯ ಮುಂದಾದರೆ ಸ್ಟೂಲು ಇಡಬಹುದು, ಗುಡ್ಡದ ಇಳಿಜಾರಿನಲ್ಲಿ ಯಾರು ಇಡುತ್ತಾರೆ? ಒಂದು ದಿನ ಇಳಿಯೋಕೆ ಹೋಗಿ ಬಿದ್ದ. ಅಲ್ಲಿಗೆ ಗೇರಣ್ಣನ ಓಡಾಟ ನಿಂತಿತು.

ಆಟೋಮ್ಯಾಟಿಕ್ ತಗೊಂಡಿದ್ದರೆ ಕೈಗೆ ಕೆಲಸ ಇರುತ್ತಿರಲಿಲ್ಲ, ಅಷ್ಟೇ ತಾನೆ. ಆರಾಮಾಗಿ ಹತ್ತಿ ತಮ್ಮನ ಪಕ್ಕ ಕೂತು ಊರ ಮಾತೆಲ್ಲ ಆಡಬಹುದಿತ್ತು. ಕೈಗೆ ಕೆಲಸವಿಲ್ಲದಿದ್ದರೆ ಪಕ್ಕದಲ್ಲಿ ಜಾಗವೂ ಇರಲ್ಲ ಅಂತ ತಾನು ಅಂದುಕೊಂಡೆನಲ್ಲ, ತಮ್ಮ ಹಾಗಂದಿದ್ದನೇ?

ಈಗ ತಮ್ಮ ಒಬ್ಬನೇ ಹೋಗುತ್ತಾನೆ. ಸಂಜೆ ಬಂದು ಕೈ ಒತ್ತಿಕೊಳ್ಳುತ್ತಾ, ಗೇರು ಬಲು ಬಿಗಿ ಕಣಣ್ಣ, ನೀನಿದ್ದಿದ್ರೆ ಚೆನ್ನಾಗಿತ್ತು ಅನ್ನುತ್ತಾನೆ. ಗೇರಣ್ಣ ಹೌದೌದು, ಹೊಸದಲ್ವಾ, ಪಳಗಬೇಕು ಅನ್ನುತ್ತಾನೆ. ಬೆಳಿಗ್ಗೆ ಗೇಟು ತೆಗೆಯೋನು ಅವನೇ. ಒಂದು ದಿನ ಒಳಗೆ ಇಣುಕಿ ನೋಡಿದ. ಸ್ಪ್ಯಾನರು, ಪೈಪು, ಊಟದ ಡಬ್ಬಿ ಎಲ್ಲವನ್ನೂ ತಮ್ಮ ಹಿಂದೆ ಇಕ್ಕಟ್ಟಿನಲ್ಲಿ ತುರುಕಿದ್ದ. ಪಕ್ಕದ ಸೀಟಿನ ಮೇಲೆ ಏನೂ ಇಟ್ಟಿರಲಿಲ್ಲ.