ಹೆಸರು ಹೇಳಬಾರದ ಮದ್ದು

ಬೆಳಿಗ್ಗೆ ಒಂಬತ್ತು ಗಂಟೆಗೆ ತಾಯಮ್ಮನ ಎಡತೋಳಿನ ಮೇಲೆ ಹೊಸ ನೀಲಿ ಗುರುತುಗಳು ಕಾಣಿಸಿದವು. ಬಲಮೊಣಕೈಯ ಹತ್ತಿರ ಹಳೆಯದೊಂದು ಹಳದಿಗೆ ತಿರುಗುತ್ತಿತ್ತು. ಮೊದಲು ನೋಡಿದವಳು ಮಗಳು ರಾಜೇಶ್ವರಮ್ಮ. ತಾಯಿಯನ್ನು ನೋಡಲು ಅವಳು ಸೊರಬದಿಂದ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಬಂದಿದ್ದಳು.

ತಾಯಮ್ಮನನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು ಸೊಸೆ ಸ್ಪಂದನಳ ಕೆಲಸ. ಹೃದಯದ ಕವಾಟ ಬದಲಾಯಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ದಿನವೂ ಕೊಡುವವಳೂ ಅವಳೇ. ರಾಜೇಶ್ವರಮ್ಮ ಗುರುತುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ನೋಡಿದಳು. ಸರಿಯಾಗಿ ಕೂತವು.

"ದನ ಎಬ್ಬಿಸ್ದಂಗೆ ಎಬ್ಬಿಸ್ತೀಯೋ ಹೆಂಗೆ?" ಎಂದು ಸ್ಪಂದನಳನ್ನು ಕೇಳಿದಳು.

ತೋಳು ಹಿಡಿದು, ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಎಬ್ಬಿಸುತ್ತೇನೆ ಎಂದು ಹೇಳಿದ ಸ್ಪಂದನ ಗಂಡ ಚನ್ನೇಶನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ತಾಯಮ್ಮ ತನಗೇನೂ ಗೊತ್ತಿಲ್ಲ ಎಂದಳು. ಅವ್ವ ಹೆದರಿದ್ದಾಳೆ ಎಂದು ರಾಜೇಶ್ವರಮ್ಮ ತಮ್ಮನಿಗೆ ಹೇಳಿದಳು. ಇದು ಹೊಡೆದದ್ದೋ ಅಲ್ಲವೋ ಡಾಕ್ಟರೇ ಹೇಳಲಿ, ಆಮೇಲೆ ಅವ್ವನನ್ನು ಸೊರಬಕ್ಕೆ ಕರೆದೊಯ್ಯುತ್ತೇನೆ ಎಂದಳು. ಚನ್ನೇಶ್ ಬೇಡವೆನ್ನಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗುರುತು ನೋಡಿದರು, ಒಸಡು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಅಳತೆ ಮೂರರ ಆಸುಪಾಸಿನಲ್ಲಿರಬೇಕಿತ್ತು. ಎಂಟರ ಹತ್ತಿರ ಇತ್ತು. ಮಾತ್ರೆ ಹೆಚ್ಚು ಕೊಟ್ಟಿರಾ ಎಂದು ಕೇಳಿದರು. ಎಲ್ಲರೂ ಸ್ಪಂದನಳನ್ನು ನೋಡಿದರು. ಅವಳು ಚೀಲದಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದುಕೊಟ್ಟಳು. ಉಳಿದಿರಬೇಕಾದಷ್ಟು ಮಾತ್ರೆ ಉಳಿದಿದ್ದವು.

ಹಾಗಾದರೆ ಬೇರೆ ಏನಾದರೂ ತಗೊಳ್ಳುತ್ತಿದ್ದಾರಾ, ಕಷಾಯ, ನಾಟಿ ಮದ್ದು, ಎಂದು ಡಾಕ್ಟರು ಕೇಳಿದರು. ತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಜೇಶ್ವರಮ್ಮ ಮುಖ ತಿರುಗಿಸಿದಳು.

"ಅಕ್ಕಾ," ಎಂದಳು ಸ್ಪಂದನ, "ಬಂದಾಗೆಲ್ಲ ಅತ್ತೆ ಜೊತೆ ಬಾಗಿಲು ಹಾಕ್ಕೊಂಡು ಕೂರ್ತೀರಲ್ರೀ. ಏನು ಕೊಡ್ತೀರಿ?"

ತಾಯಮ್ಮ ಅಡ್ಡ ಬಂದಳು. "ಕೇಳಬ್ಯಾಡ. ಹೆಸರು ಹೇಳಿದ್ರೆ ಮದ್ದು ಹಿಡಿಯಲ್ಲ. ಮಂಡಿನೋವು ಈಗ ಸ್ವಲ್ಪ ಕಡಿಮಿ ಆಗೈತಿ."

"ಹೆಸರು ಬೇಡ ಅಜ್ಜಿ," ಎಂದರು ಡಾಕ್ಟರು. "ಮಾತ್ರೆನ ಒಡೆದು ಹೊರಗೆ ಹಾಕೋ ಎಂಜೈಮು ಲಿವರಲ್ಲಿ ಇರುತ್ತೆ. ಕೆಲವು ಗಿಡಮೂಲಿಕೆ ಅದರ ಕೈ ಕಟ್ಟಿಹಾಕ್ತವೆ. ಆಗ ನಿನ್ನೆ ಮಾತ್ರೆ ಇವತ್ತೂ ರಕ್ತದಲ್ಲೇ ಉಳಿಯುತ್ತೆ. ಮೆಲ್ಲಗೆ ಹಿಡಿದ್ರೂ ಕಲೆ ಬೀಳುತ್ತೆ. ತಲೆ ಒಳಗೆ ರಕ್ತ ಸೋರಿದ್ರೆ ಜೀವ ಹೋಗುತ್ತೆ."

ರಾಜೇಶ್ವರಮ್ಮ ಆ ದಿನ ತಂದಿದ್ದ ಪುಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಸೊರಬದ ಆಚೆಯ ಹಳ್ಳಿಯ ಪಂಡಿತರು ಕೊಟ್ಟದ್ದು, ಒಳಗೇನಿದೆಯೋ ತನಗೂ ಗೊತ್ತಿಲ್ಲ ಎಂದಳು. ಅದು ತಿಳಿಯದೆ ಖಚಿತವಾಗಿ ಹೇಳಲಾರೆ, ಆದರೆ ಸಂಶಯ ಇದರ ಮೇಲೆಯೇ, ಇನ್ನು ಈ ಪುಡಿ ಕೊಡಬೇಡಿ ಎಂದರು ಡಾಕ್ಟರು; ಮಾತ್ರೆಯನ್ನೂ ಸದ್ಯಕ್ಕೆ ನಿಲ್ಲಿಸಿ ತಾಯಮ್ಮನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ಕೆಲವು ದಿನಗಳಲ್ಲಿ ಅಳತೆ ಇಳಿಯಿತು. ರಾಜೇಶ್ವರಮ್ಮ ಒಬ್ಬಳೇ ಸೊರಬದ ಬಸ್ಸು ಹತ್ತಿದಳು. ತಪ್ಪಾಯಿತೆಂದು ಸ್ಪಂದನಳಿಗೆ ಯಾರೂ ಹೇಳಲಿಲ್ಲ.

ಮನೆಗೆ ಬಂದ ಮರುದಿನ ತಾಯಮ್ಮ ಸ್ನಾನಕ್ಕೆಂದು ಸೊಸೆಯನ್ನು ಕರೆದಳು. ಸ್ಪಂದನ ಬಿಸಿನೀರು ತೋಡಿಟ್ಟು, ಅಂಗಡಿಗೆ ಹೊರಟಿದ್ದ ಚನ್ನೇಶನಿಗೆ, "ಅತ್ತೇನ ನೀವೇ ಎಬ್ಬಿಸ್ರಿ," ಎಂದಳು.

ಚನ್ನೇಶ್ ಚಪ್ಪಲಿ ಬಿಟ್ಟು ಒಳಗೆ ಬಂದ.